ಕಮಾನು ಅಣೆಕಟ್ಟುಗಳ ಶಿಲ್ಪಿ ಆಂದ್ರೇ ಕ್ವಾನ್

ಆಫ್ರಿಕಾ ಖಂಡದ ಉತ್ತರ ತೀರದಲ್ಲಿರುವ ಅಲ್ಜೀರಿಯ ದೇಶವು ಹಿಂದೆ ಫ್ರೆಂಚರ ಆಳ್ವಿಕೆಗೆ ಒಳಪಟ್ಟಿತ್ತು. ಆ ದೇಶದ ಸಿಗ್ ಎಂಬ ಊರಿನ ಮೇಲ್ಗಡೆ, ಗುಡ್ಡಗಳ ನಡುವೆ ಹರಿಯುವ ಹೊಳೆಗೆ ಅಡ್ಡಲಾಗಿ, 1880ರ ಸುಮಾರಿಗೆ ಕಲ್ಲುಗಾರೆಯ ಅಣೆಕಟ್ಟೊಂದನ್ನು ಕಟ್ಟಿದರು. ಅದರ ಹೆಸರು ಶೆರ್ಫಾ. ಕಟ್ಟಿ ಕೆಲವೇ ವರ್ಷಗಳಾಗಿದ್ದಾಗ, 1885ರಲ್ಲಿ, ಅದರ ಒಂದು ಪಾರ್ಶ್ವವು ಕುಸಿದು ನೀರಿನೊಡನೆ ಕೊಚ್ಚಿಹೋಯಿತು. ಒಡೆದ ಭಾಗವನ್ನು ಮತ್ತೆ ಕಟ್ಟಿದರು. ಆದರೆ ಆ ಗೋಡೆಯ ಮೇಲೆ ಜನರಿಗಿದ್ದ ನಂಬಿಕೆಯು ಮತ್ತೆ ಹುಟ್ಟಲಿಲ್ಲ. ನೀರಿನ ಒತ್ತಡಕ್ಕೆ ಎದುರಾಗಿ ನಿಲ್ಲುವಷ್ಟು ತೂಕ ಅದಕ್ಕಿರಲಿಲ್ಲ. ಅದನ್ನು ಕೆಡವಿ ಹೊಸದನ್ನು ಕಟ್ಟಬೇಕು, ಇಲ್ಲವೇ ಹಿಂಬದಿಗೆ ಅಪಾರವಾದ ಕಲ್ಲುಗಾರೆಯನ್ನು ಒತ್ತಿಕಟ್ಟಿ ದಪ್ಪಮಾಡಬೇಕು. ಇವೆರಡನ್ನು ಬಿಟ್ಟು ಬೇರೆ ದಾರಿ ಆಗಿನ ಎಂಜಿನಿಯರುಗಳಿಗೆ ತಿಳಿದಿರಲಿಲ್ಲ.

1934ರಲ್ಲಿ ಒಬ್ಬ ಎಂಜಿನಿಯರನು ಮೂರನೆಯ ದಾರಿಯನ್ನು ತೋರಿಸಿದನು. ಗೋಡೆಗೆ ತೂಕ ಸಾಲದಿದ್ದರೆ ಕಲ್ಲನ್ನು ಹೇರುವುದೇಕೆ, ಕೆಳಗಿರುವ ಬಂಡೆಗೇ ಅದನ್ನು ಬಿಗಿದು ಕಟ್ಟಬಾರದೇಕೆ ಎಂಬುದು ಅವನ ವಿಚಾರ. ಅಣೆಕಟ್ಟಿನ ನೆತ್ತಿಯಿಂದ ನೇರವಾಗಿ ಕೆಳಕ್ಕೆ, ಕಟ್ಟಡವನ್ನು ದಾಟಿ ಅಡಿಯ ಬಂಡೆಯೊಳಗೆ ಇಳಿಯುವಂತೆ ರಂಧ್ರಗಳನ್ನು ಕೊರೆಯಿಸಿದನು. ನೂರಾರು ಉಕ್ಕಿನ ತಂತಿಗಳನ್ನು ಸೇರಿಸಿ ಮಾಡಿದ ದಪ್ಪ ಹಗ್ಗಗಳನ್ನು ಆ ರಂಧ್ರಗಳಲ್ಲಿ ಇಳಿಬಿಟ್ಟು, ಅವುಗಳ ತುದಿಯನ್ನು ಬಂಡೆಯ ಆಳದಲ್ಲಿ ಸಿಮೆಂಟಿನ ತೆಳುಗಾರೆಯಿಂದ ಹುದುಗಿಸಿದನು. ಗಾರೆ ಗಟ್ಟಿಯಾದ ಮೇಲೆ, ಮೇಲ್ತುದಿಯನ್ನು ಜಾಕುಗಳಿಂದ ಎತ್ತಿ ಎಳೆದು, ಬಿಗಿಯಾದ ಸ್ಥಿತಿಯಲ್ಲಿಯೇ ಗೋಡೆಯ ತಲೆಗೆ ಭದ್ರಪಡಿಸಿದನು. ಇಂತಹ 37 ಹಗ್ಗಗಳು. ಒಂದೊಂದರ ಸೆಳೆತ 1000 ಟನ್ನು. ಮುದಿ ಗೋಡೆಯು ತಾನು ನಿಂತ ನೆಲವನ್ನು ಗಟ್ಟಿಯಾಗಿ ತಬ್ಬಿಕೊಂಡಂತಾಯಿತು. ಜಗತ್ತಿನಲ್ಲಿ ಅಣೆಕಟ್ಟೊಂದನ್ನು ಹೀಗೆ ದುರಸ್ತಿಮಾಡಿದ್ದು ಅದೇ ಮೊದಲು.

ಆ ಎಂಜಿನಿಯರನೇ ಆಂದ್ರೇ ಕ್ವಾನ್.

ಕ್ವಾನನು 1891ನೆಯ ಫೆಬ್ರವರಿ 11ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಫ್ರಾನ್ಸಿನ ಪ್ರಸಿದ್ಧ ತಾಂತ್ರಿಕ ವಿದ್ಯಾಲಯವಾದ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ, ಸೇತುವೆ ಮತ್ತು ರಸ್ತೆಗಳ ಸರ್ಕಾರಿ ಇಲಾಖೆಯ ಎಂಜಿನಿಯರನಾದನು. ಸಮುದ್ರತೀರದ ಬ್ರೆಸ್ಟ್ ಪಟ್ಟಣದಲ್ಲಿ ಕೆಲಸಮಾಡುತ್ತಿದ್ದಾಗ, ಅಲ್ಲಿಗೆ ಸಮೀಪದ ಪ್ಲೂಗಸ್ಟೆಲ್ ಎಂಬಲ್ಲಿ ಕಾಂಕ್ರೀಟಿನ ಬೃಹತ್ ಕಮಾನು ಸೇತುವೆಯೊಂದು ನಿರ್ಮಾಣವಾಗುತ್ತಿತ್ತು. ಅದನ್ನು ಕಟ್ಟುತ್ತಿದ್ದವನು ಯೂಜೀನ್ ಫ್ರೇಸಿನೇ. ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳನ್ನು ಮೊದಲೇ ಎಳೆದು ಬಿಗಿದಿಟ್ಟರೆ ಅದರ ಶಕ್ತಿ ಹೆಚ್ಚುವುದೆಂದು ಲೋಕಕ್ಕೆ ತೋರಿಸಿದ ಮಹಾನುಭಾವನು ಅವನು. ಅಂಥವನ ಸಹವಾಸವು ಕ್ವಾನನಿಗೆ ದೊರೆತುದು ಅದೃಷ್ಟವೆಂದೇ ಹೇಳಬೇಕು. ಕಮಾನಿನ ಬಲವೇನು, ಬಿಗಿದ ತಂತಿಯ ಬಲವೇನು ಎಂಬುದನ್ನು ಅವನು ಅಲ್ಲಿ ಕಣ್ಣಾರೆ ಕಂಡನು. ಮುಂದೆ ಶೆರ್ಫಾದಲ್ಲಿ ಫಲಿಸಿದುದು ಅಲ್ಲಿ ಬಿತ್ತಿದ ಬೀಜವೇ.

1928ರಲ್ಲಿ ಫ್ರಾನ್ಸಿನ ಮಧ್ಯಭಾಗದ ಬೆಟ್ಟಸೀಮೆಯಲ್ಲಿ ಹುಟ್ಟಿ ಹರಿಯುವ ದೊರ್ದೋನ್ ನದಿಯಿಂದ ವಿದ್ಯುತ್ತನ್ನು ಪಡೆಯುವ ಯೋಜನೆಯ ಹೊಣೆ ಕ್ವಾನನ ಮೇಲೆ ಬಿತ್ತು. ಅಲ್ಲಿಂದ ಮುಂದೆ ಅಣೆಕಟ್ಟೇ ಅವನ ಬದುಕಾಯಿತು. ಆ ನದಿಯ ಕಿರಿದಾದ ಕಣಿವೆಯಲ್ಲಿ 1935ರಲ್ಲಿ ಮುಗಿದ ಮಾರೇಜ್ ಅಣೆಕಟ್ಟು ಅವನಿಗೆ ಕೀರ್ತಿ ತಂದಿತು. ಎತ್ತರ 90 ಮೀಟರು. ಆಕಾರ, ನೀರಿನ ಕಡೆಗೆ ಬೆನ್ನು ಬಾಗಿಸಿದ ಕಮಾನು.

ಕಮಾನು ಅಣೆಕಟ್ಟಿನ ರಹಸ್ಯವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಸಾಮಾನ್ಯವಾದ ಅಣೆಕಟ್ಟು ತನ್ನ ಸ್ವಂತ ಭಾರದಿಂದ ನೀರನ್ನು ತಡೆಯುತ್ತದೆ. ಅದು ಎತ್ತರವಾದಷ್ಟೂ ಬುಡವು ಅಗಲವಾಗಬೇಕು. ಕಮಾನು ಅಣೆಕಟ್ಟು ಹಾಗಲ್ಲ. ನೀರು ಅದನ್ನು ಒತ್ತಿದಾಗ ಆ ಒತ್ತಡವನ್ನು ಅದು ಎಡಬಲಗಳಿಗೆ ಹಂಚಿ ಕಣಿವೆಯ ಎರಡು ಪಕ್ಕದ ಬಂಡೆಗಳಿಗೆ ಸಾಗಿಸುತ್ತದೆ. ಬಾಗಿಲಿನ ಮೇಲಿನ ಕಲ್ಲಿನ ಕಮಾನು ತನ್ನ ಮೇಲಿನ ಗೋಡೆಯ ಭಾರವನ್ನು ಎರಡು ಕಂಬಗಳಿಗೆ ಸಾಗಿಸುವಂತೆಯೇ ಇದು. ಆ ಕಮಾನನ್ನು ಮಲಗಿಸಿದಂತೆ ಭಾವಿಸಿದರೆ ಸಾಕು. ಆದುದರಿಂದ ಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ಕಾಂಕ್ರೀಟು ಉಳಿಯುತ್ತದೆ, ಹಣ ಉಳಿಯುತ್ತದೆ. ಆದರೆ ಪಕ್ಕದ ಬಂಡೆಗಳು ಕದಲಬಾರದು. ಕಮಾನು ನಿಲ್ಲುವುದು ತನ್ನ ಬಲದಿಂದಲ್ಲ, ದಂಡೆಗಳ ಬಲದಿಂದ.

ಇದು ಕ್ವಾನನಿಗೆ ತಿಳಿಯದ ವಿಷಯವಲ್ಲ. ಕಟ್ಟಿ ಮುಗಿಸಿದ ಅಣೆಕಟ್ಟನ್ನು ಹಾಗೆಯೇ ಬಿಟ್ಟು ಬರುವ ಸ್ವಭಾವವೂ ಅವನದಾಗಿರಲಿಲ್ಲ. ಕಾಂಕ್ರೀಟಿನ ಗೋಡೆ ನಿಶ್ಚಲವಾಗಿ ಕಂಡರೂ ಒಳಗೆ ಸದಾ ಚಲಿಸುತ್ತಿರುತ್ತದೆ. ಬೇಸಿಗೆಯ ಬಿಸಿಲಿಗೆ ಹಿಗ್ಗಿ ನೀರಿನ ಕಡೆಗೆ ವಾಲುತ್ತದೆ. ಚಳಿಗಾಲದಲ್ಲಿ ಕುಗ್ಗಿ ಕಣಿವೆಯ ಕಡೆಗೆ ಜರುಗುತ್ತದೆ. ಪರ್ವತಪ್ರದೇಶದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಇಂತಹ ಗೋಡೆಯ ಒಳಗಿನ ಸ್ಥಿತಿಯನ್ನು ಅರಿಯಲು ಕ್ವಾನನು ಒಂದು ಸೊಗಸಾದ ಉಪಕರಣವನ್ನು ರೂಪಿಸಿದನು. ತಂಬೂರಿಯ ತಂತಿಯನ್ನು ಬಿಗಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅದೇ ರೀತಿ ಚಿಕ್ಕ ಕೊಳವೆಯೊಳಗೆ ಉಕ್ಕಿನ ತಂತಿಯೊಂದನ್ನು ಬಿಗಿದು, ಕಟ್ಟುವಾಗಲೇ ಅದನ್ನು ಕಾಂಕ್ರೀಟಿನಲ್ಲಿ ಹುದುಗಿಸುವುದು; ಆಮೇಲೆ ದೂರದಿಂದ ವಿದ್ಯುತ್ತಿನ ಮೂಲಕ ಆ ತಂತಿಯನ್ನು ಮೀಟಿ ಅದರ ಸ್ವರವನ್ನು ಆಲಿಸುವುದು. ಕಾಂಕ್ರೀಟು ಒಂದಿಷ್ಟು ಹಿಗ್ಗಿದರೂ ಕುಗ್ಗಿದರೂ ಸ್ವರ ಬದಲಾಗುತ್ತದೆ. ವೈದ್ಯನು ರೋಗಿಯ ಎದೆಗೆ ಕಿವಿಗೊಡುವಂತೆ ಎಂಜಿನಿಯರನು ಅಣೆಕಟ್ಟಿಗೆ ಕಿವಿಗೊಡುವುದು ಇದರಿಂದ ಸಾಧ್ಯವಾಯಿತು. ಇಂದಿಗೂ ಜಗತ್ತಿನ ಅಣೆಕಟ್ಟುಗಳಲ್ಲಿಯೂ ಸುರಂಗಗಳಲ್ಲಿಯೂ ಈ ಕಂಪಿಸುವ ತಂತಿಯ ಮಾಪಕಗಳು ಕೆಲಸ ಮಾಡುತ್ತಿವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸು ಜರ್ಮನರ ವಶವಾಯಿತು. ಆ ದಿನಗಳಲ್ಲಿಯೂ ದೊರ್ದೋನ್ ನದಿಯ ಮೇಲೆ ಕ್ವಾನನ ವಿನ್ಯಾಸದ ಲೇಗ್ಲ್ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಅಲ್ಲಿನ ವಿದ್ಯುತ್ತು ಶತ್ರುವಿನ ಪಾಲಾಗಬಾರದೆಂದು ಕೆಲಸಗಾರರೂ ಎಂಜಿನಿಯರುಗಳೂ ಕೆಲಸವನ್ನು ಬೇಕೆಂದೇ ನಿಧಾನಿಸಿದರು. ನಾಡು ಬಿಡುಗಡೆಯಾದ ಮೇಲೆ, 1945ರಲ್ಲಿ, ಅದು ಪೂರ್ಣವಾಯಿತು. ಅದರ ಕೋಡಿಯ ನೀರು ಕೆಳಗಿನ ವಿದ್ಯುದಾಗಾರದ ಮಾಡಿನ ಮೇಲೆ ಜಾರಿ, ಹಿಮದ ಇಳಿಜಾರಿನಿಂದ ಹಾರುವ ಆಟಗಾರನಂತೆ ಗೋಡೆಯ ಬುಡವನ್ನು ಬಿಟ್ಟು ದೂರಕ್ಕೆ ಚಿಮ್ಮುತ್ತದೆ. ಬುಡದಲ್ಲಿಯೇ ಬಿದ್ದ ನೀರು ಬಂಡೆಯನ್ನು ಕೊರೆಯುತ್ತದೆಂಬ ಅರಿವಿನಿಂದ ಮಾಡಿದ ಏರ್ಪಾಡು ಅದು.

ಯುದ್ಧಾನಂತರ ಕ್ವಾನನ ಖ್ಯಾತಿಯು ಶಿಖರವನ್ನು ಮುಟ್ಟಿತು. 1946ರಿಂದ 1952ರವರೆಗೆ ಅವನು ಬೃಹತ್ ಅಣೆಕಟ್ಟುಗಳ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷನಾಗಿದ್ದನು. ಆ ಅವಧಿಯಲ್ಲಿಯೇ, 1951ರಲ್ಲಿ, ಆಯೋಗದ ಸಮ್ಮೇಳನವು ನಮ್ಮ ನವದೆಹಲಿಯಲ್ಲಿ ಜರುಗಿತು. 1947ರಲ್ಲಿ ಅವನು ಜಾನ್ ಬೆಲ್ಯೇ ಎಂಬ ಎಂಜಿನಿಯರನೊಡನೆ ಸೇರಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದನು. ಒಟ್ಟು 14 ದೇಶಗಳಲ್ಲಿ ಸುಮಾರು 70 ಅಣೆಕಟ್ಟುಗಳಿಗೆ ಅವನು ವಿನ್ಯಾಸ ನೀಡಿದನೆಂದು ಲೆಕ್ಕವಿದೆ. ಆಲ್ಪ್ಸ್ ಪರ್ವತಗಳಲ್ಲಿ ಇಜೇರ್ ನದಿಗೆ ಕಟ್ಟಿದ ತೀಞ್ ಅಣೆಕಟ್ಟು 1952ರಲ್ಲಿ ಮುಗಿದಾಗ, 180 ಮೀಟರಿನ ಅದರ ಎತ್ತರವು ಯೂರೋಪಿನಲ್ಲಿಯೇ ಅತಿ ಹೆಚ್ಚಿನದಾಗಿತ್ತು. ಅದರ ನೀರಿನಲ್ಲಿ ಒಂದು ಹಳೆಯ ಹಳ್ಳಿ ಮುಳುಗಿತು. ಮನೆಗಳನ್ನೂ ಚರ್ಚನ್ನೂ ಮೊದಲೇ ಕೆಡವಿದರು. ಗೋರಿಗಳನ್ನು ಸಹ ತೆಗೆದು ಬೇರೆಡೆಗೆ ಸಾಗಿಸಿದರು. ಊರು ಬಿಟ್ಟವರ ಸಂಕಟವನ್ನು ಯಾವ ಎಂಜಿನಿಯರನೂ ಅಳೆದು ಹೇಳಲಾರನು.

ಕೀರ್ತಿಯೊಡನೆ ಧೈರ್ಯವೂ ಬೆಳೆಯಿತು. ಕ್ವಾನನ ಕಮಾನುಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾದುವು. ಆರ್ದೆಶ್ ಪ್ರಾಂತದ ಬೆಟ್ಟಗಳಲ್ಲಿ 1954ರಲ್ಲಿ ಮುಗಿದ ಗಾಜ್ ಅಣೆಕಟ್ಟಿನ ನೆತ್ತಿಯ ದಪ್ಪ 1.3 ಮೀಟರು ಮಾತ್ರ. ಬುಡದಲ್ಲಿಯೂ ಅದು 3 ಮೀಟರನ್ನು ಮುಟ್ಟಲಿಲ್ಲ. ನೀರು ತುಂಬಿದಂತೆ ಅದರಲ್ಲಿ ಬಿರುಕುಗಳು ಕಾಣಿಸಿಕೊಂಡವು. ಗೋಡೆ ಬೀಳಲಿಲ್ಲ. ಆದರೆ ಅದನ್ನು ನಂಬಿ ಜಲಾಶಯವನ್ನು ತುಂಬುವುದು ಯಾರಿಗೂ ಸರಿಯೆನಿಸಲಿಲ್ಲ. ಕಡೆಗೆ 1967ರಲ್ಲಿ ಅದಕ್ಕೆ ಬದಲಾಗಿ ದಪ್ಪವಾದ ಇನ್ನೊಂದು ಕಮಾನನ್ನು ಕಟ್ಟಬೇಕಾಯಿತು. ತೆಳು ಕಮಾನಿನ ದೊಡ್ಡ ತೊಡಕೆಂದರೆ ಇದೇ: ದಪ್ಪ ಗೋಡೆಯಲ್ಲಿ ಬಿರುಕು ಮೂಡಿದರೆ, ಚಳಿಗಾಲದಲ್ಲಿ ಅದು ಅಗಲವಾಗಿ ತೆರೆದಿರುವಾಗ ತೆಳುಗಾರೆಯನ್ನು ಒತ್ತಿ ತುಂಬಿ ಮುಚ್ಚಬಹುದು, ಒಳಗೆ ಉಳಿದ ಕಾಂಕ್ರೀಟು ಭಾರವನ್ನು ಹೊರುತ್ತದೆ. ತೆಳು ಗೋಡೆಯಲ್ಲಿ ಹಾಗೆ ಹೊರಲು ಹೆಚ್ಚಿನದೇನೂ ಉಳಿದಿರುವುದಿಲ್ಲ.

ಫ್ರಾನ್ಸಿನ ದಕ್ಷಿಣ ತೀರದಲ್ಲಿ ಫ್ರೇಜೂಸ್ ಎಂಬ ಪುರಾತನ ಪಟ್ಟಣವಿದೆ. ಅದರ ಸುತ್ತಲಿನ ತೋಟಗಳಿಗೂ ಜನರಿಗೂ ನೀರೊದಗಿಸಲು ರೇರಾಂ ಎಂಬ ಸಣ್ಣ ಹೊಳೆಗೆ ಮಾಲ್ಪಾಸೆ ಎಂಬಲ್ಲಿ ಕ್ವಾನನು ಕಮಾನು ಅಣೆಕಟ್ಟೊಂದನ್ನು ರೂಪಿಸಿದನು. ಕೆಲಸವು 1954ರಲ್ಲಿ ಮುಗಿಯಿತು. ಎತ್ತರ 66 ಮೀಟರು, ಬುಡದ ದಪ್ಪ 6.78 ಮೀಟರು, ನೆತ್ತಿಯ ದಪ್ಪ 1.5 ಮೀಟರು. ಅಷ್ಟೇ ಎತ್ತರದ ಭಾರದ ಅಣೆಕಟ್ಟಿಗೆ ಸುಮಾರು 50 ಮೀಟರು ಅಗಲದ ಬುಡ ಬೇಕಾಗುತ್ತಿತ್ತು. ಮಳೆ ಕಡಿಮೆಯಾದುದರಿಂದಲೂ ಮುಳುಗಡೆಯ ಜಮೀನಿನ ವ್ಯಾಜ್ಯದಿಂದಲೂ ಜಲಾಶಯವು ಐದು ವರ್ಷಗಳವರೆಗೆ ಪೂರ್ತಿ ತುಂಬಲಿಲ್ಲ. ಗೋಡೆಯು ಪೂರ್ಣ ಪರೀಕ್ಷೆಗೆ ಒಳಗಾಗಲೇ ಇಲ್ಲ.

ಅಲ್ಲಿನ ಬಂಡೆ ನೈಸ್ ಜಾತಿಯದು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡವೂ ನೈಸ್ ಶಿಲೆಯದೇ. ಗಟ್ಟಿತನಕ್ಕೆ ಹೆಸರಾದ ಕಲ್ಲು. ಆದರೆ ಮಾಲ್ಪಾಸೆಯ ಬಂಡೆಯು ಪದರು ಪದರಾಗಿ ಸೀಳಿತ್ತು. ಎಡದಂಡೆಯ ಆಳದಲ್ಲಿ, ಗೋಡೆಯ ಕೆಳಗಡೆಯಿಂದ ಓರೆಯಾಗಿ ಹಾದುಹೋದ ಒಂದು ದೊಡ್ಡ ಬಿರುಕು ಅಡಗಿತ್ತು. ಕ್ವಾನನು ಬೇರೆಡೆ ಬಳಸಿದ ಸ್ವರತಂತಿಗಳು ಈ ಚಿಕ್ಕ ಅಣೆಕಟ್ಟಿನಲ್ಲಿರಲಿಲ್ಲ. ಆಗಾಗ್ಗೆ ಬಂದು ಗೋಡೆಯ ಸ್ಥಾನವನ್ನು ಅಳೆದು ಹೋಗುವ ವ್ಯವಸ್ಥೆ ಮಾತ್ರ ಇತ್ತು. 1959ರ ಬೇಸಿಗೆಯಲ್ಲಿ ತೆಗೆದ ಅಳತೆಯು ಬುಡವು ಹಿಂದೆಂದಿಗಿಂತ ಹೆಚ್ಚಾಗಿ ಜರುಗಿರುವುದನ್ನು ತೋರಿಸಿತು. ಆ ಅಂಕಿಗಳು ಕಾಗದದಲ್ಲಿಯೇ ಉಳಿದುವು. ಅವುಗಳ ಅರ್ಥವನ್ನು ಹುಡುಕಿ ಯಾರೂ ಬೆಟ್ಟಕ್ಕೆ ಓಡಿಬರಲಿಲ್ಲ.

ನವೆಂಬರ್ ತಿಂಗಳಿನಲ್ಲಿ ದಂಡೆಯ ಕೆಳಗೆ ನೀರು ಜಿನುಗುವುದು ಕಂಡಿತು. ತಿಂಗಳ ಕೊನೆಯಲ್ಲಿ ಭಾರಿ ಮಳೆ ಹಿಡಿಯಿತು. ಜಲಾಶಯವು ಮೊದಲ ಬಾರಿಗೆ ಕೋಡಿಯ ಮಟ್ಟಕ್ಕೆ ಏರಿತು. ಕೆಳಗೆ ಹೆದ್ದಾರಿಯ ಸೇತುವೆಯ ಕೆಲಸ ನಡೆಯುತ್ತಿದ್ದುದರಿಂದ ಬುಡದ ತೂಬನ್ನು ತೆರೆಯುವುದು ತಡವಾಯಿತು. ಡಿಸೆಂಬರ್ 2ರ ಸಂಜೆ 6 ಗಂಟೆಗೆ ತೂಬನ್ನು ತೆರೆದರು. ಅಂದು ರಾತ್ರಿ 9 ಗಂಟೆ 13 ನಿಮಿಷಕ್ಕೆ ಎಡದಂಡೆಯ ಬಂಡೆ ಎದ್ದು ಜರುಗಿತು. ಕ್ಷಣಮಾತ್ರದಲ್ಲಿ ಕಮಾನು ಒಡೆದುಹೋಯಿತು. ಸುಮಾರು 5 ಕೋಟಿ ಘನಮೀಟರು ನೀರು ಕತ್ತಲೆಯಲ್ಲಿ ಕಣಿವೆಯನ್ನು ತುಂಬಿಕೊಂಡು ಇಳಿಯಿತು. ಸುಮಾರು 20 ನಿಮಿಷಗಳಲ್ಲಿ ಅದು ಫ್ರೇಜೂಸನ್ನು ತಲುಪಿ, ಸಮುದ್ರವನ್ನು ಸೇರಿತು. 423 ಜನರು ಪ್ರಾಣ ಕಳೆದುಕೊಂಡರು. ಊಟ ಮುಗಿಸಿ ಮಲಗಲು ಅಣಿಯಾಗುತ್ತಿದ್ದ ಮಕ್ಕಳೂ ಅವರಲ್ಲಿದ್ದರು.

ಕಾರಣವನ್ನು ಕಂಡುಹಿಡಿಯಲು ವರ್ಷಗಳೇ ಬೇಕಾದವು. ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಮಾನಿನ ಒತ್ತಡವು ಎಡದಂಡೆಯ ಬಂಡೆಯ ಪದರುಗಳನ್ನು ಅಮುಕಿ ಅವುಗಳ ನಡುವಿನ ಸಂದುಗಳನ್ನು ಮುಚ್ಚಿಬಿಟ್ಟಿತ್ತು. ಆಗ ನೆಲದೊಳಗೆ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲದಾಯಿತು. ಮೇಲೆ ಕಣ್ಣಿಗೆ ಕಾಣುವ ಅಣೆಕಟ್ಟೊಂದು, ಬಂಡೆಯೊಳಗೆ ಕಣ್ಣಿಗೆ ಕಾಣದ ಅಣೆಕಟ್ಟು ಇನ್ನೊಂದು ಎಂಬಂತಾಯಿತು. ಅದರ ಹಿಂದೆ ಒತ್ತಡ ಬೆಳೆದು, ಅಡಗಿದ್ದ ಬಿರುಕಿನ ಮೇಲಿನ ಬಂಡೆಯನ್ನು ಬೆಣೆಯಂತೆ ಎತ್ತಿ ಹಾಕಿತು. ಗೋಡೆಯ ಕೆಳಮಗ್ಗುಲಿನ ಬಂಡೆಗೆ ಕೆಲವು ರಂಧ್ರಗಳನ್ನು ಕೊರೆದಿದ್ದರೆ ಆ ನೀರು ಸದ್ದಿಲ್ಲದೆ ಸುರಿದು ಹೋಗುತ್ತಿತ್ತು. ಆದರೆ ತೆಳು ಕಮಾನಿಗೆ ಅಂತಹ ಬಸಿರಂಧ್ರಗಳು ಬೇಕೆಂದು ಆ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ. ಮುದಿ ಗೋಡೆಯನ್ನು ಬಂಡೆಗೆ ಬಿಗಿದು ಉಳಿಸಿದವನ ಹೊಸ ಗೋಡೆಯು, ಬಂಡೆಯೇ ಕೈಬಿಟ್ಟುದರಿಂದ ಬಿದ್ದುಹೋಯಿತು.

ಕ್ವಾನನಿಗೆ ಆಗ ಅರವತ್ತೆಂಟು ವರ್ಷ. ವಿನ್ಯಾಸದ ಹೊಣೆ ತನ್ನದೆಂಬುದನ್ನು ಅವನು ನಿರಾಕರಿಸಲಿಲ್ಲ. ಅದೇ ದಿನಗಳಲ್ಲಿ ಆಫ್ರಿಕಾದ ಜಾಂಬೆಜಿ ನದಿಯ ಮೇಲೆ ಅವನ ಅತಿ ದೊಡ್ಡ ಕೃತಿಗಳಲ್ಲೊಂದಾದ ಕರೀಬಾ ಅಣೆಕಟ್ಟು ಪೂರ್ಣಗೊಳ್ಳುತ್ತಿತ್ತು. 128 ಮೀಟರು ಎತ್ತರದ ಆ ಕಮಾನಿನ ಉದ್ಘಾಟನೆಯು 1960ರ ಮೇ ತಿಂಗಳಿನಲ್ಲಿ ವೈಭವದಿಂದ ನಡೆಯಿತು. ಎರಡು ತಿಂಗಳ ನಂತರ, ಜುಲೈ 21ರಂದು, ಕ್ವಾನನು ತೀರಿಕೊಂಡನು. ಮಾಲ್ಪಾಸೆಯ ಮೊಕದ್ದಮೆಯು ಅವನು ತೀರಿಕೊಂಡ ಮೇಲೂ ಮುಂದುವರಿದು, ಯಾರಿಗೂ ಶಿಕ್ಷೆಯಾಗದೆ 1967ರಲ್ಲಿ ಕೊನೆಗೊಂಡಿತು.

ಅವನು ಬಿಟ್ಟುಹೋದ ಕಮಾನುಗಳ ಮೇಲೆ ಆಮೇಲೆ ನಡೆದ ಕೆಲಸವೂ ಅವನ ಚರಿತ್ರೆಗೆ ಸೇರಿದುದೇ. ಕೊರ್ಸಿಕಾ ದ್ವೀಪದ ಬೆಟ್ಟಗಳಲ್ಲಿ ಅವನ ಕೊನೆಯ ದಿನಗಳಲ್ಲಿ ಎದ್ದ ತೋಲ್ಲಾ ಅಣೆಕಟ್ಟು ಅತಿ ತೆಳುವೆಂದು ತೋರಿದುದರಿಂದ, 1960ರ ದಶಕದಲ್ಲಿ ಅದಕ್ಕೆ ಹೊಸ ಕಾಂಕ್ರೀಟನ್ನು ಸೇರಿಸಿ ಬಲಪಡಿಸಿದರು. ಕರೀಬಾದ ದಕ್ಷಿಣ ದಂಡೆಯ ಮೇಲ್ಭಾಗದ ಬಂಡೆ ದುರ್ಬಲವೆಂದು ತಿಳಿದಾಗ, ಬೆಟ್ಟದ ಒಳಗೇ ಕಾಂಕ್ರೀಟಿನ ಊರೆಗಳನ್ನು ಕಟ್ಟಿದರು. ಅಲ್ಲಿ ಇನ್ನೊಂದು ರೋಗವೂ ಬೆಳೆಯುತ್ತಿತ್ತು. ಗೋಡೆಯ ಆರು ತೂಬುಗಳಿಂದ ಧುಮುಕುವ ನೀರು ಕೆಳಗಿನ ಬಂಡೆಯನ್ನು ಕೊರೆದು ಕೊರೆದು ಸುಮಾರು 80 ಮೀಟರು ಆಳದ ಮಡುವನ್ನು ಮಾಡಿತು. ಆ ಮಡುವು ಗೋಡೆಯ ಬುಡದ ಕಡೆಗೆ ಹಿಂದೆ ಸರಿಯಬಾರದೆಂದು ಅದನ್ನು ಅಗಲಿಸಿ ತಿದ್ದುವ ಕೆಲಸವನ್ನು 2017ರಲ್ಲಿ ಆರಂಭಿಸಿದರು. ಶೆರ್ಫಾದ ಹಗ್ಗಗಳು ಸಹ ಕಾಲಕ್ರಮದಲ್ಲಿ ತುಕ್ಕು ಹಿಡಿದು, ಮೂವತ್ತು ವರ್ಷಗಳ ತರುವಾಯ ಹೊಸದನ್ನು ಹಾಕಬೇಕಾಯಿತು. ಆದರೆ ಆ ವಿಧಾನವು ಉಳಿಯಿತು. ನಮ್ಮ ದೇಶದಲ್ಲಿ, ಪಶ್ಚಿಮ ಘಟ್ಟಗಳ ನಡುವೆ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟನ್ನು 1980ರ ದಶಕದ ಆರಂಭದಲ್ಲಿ ಬಲಪಡಿಸಿದಾಗ, ನೆತ್ತಿಯಿಂದ ಬಂಡೆಯವರೆಗೆ ಇಳಿಬಿಟ್ಟು ಬಿಗಿದ ಉಕ್ಕಿನ ಹಗ್ಗಗಳು ಅದೇ ಮಾರ್ಗದವು.

ಮಾಲ್ಪಾಸೆಯ ದುರಂತದ ಬಳಿಕ ಹಳೆಯ ಕಮಾನುಗಳ ಬುಡದಲ್ಲಿಯೂ ಬಂಡೆಯ ನೀರನ್ನು ಬಸಿಯುವ ರಂಧ್ರಗಳನ್ನು ಕೊರೆಯುವುದು ವಾಡಿಕೆಯಾಯಿತು. ದೊಡ್ಡ ಜಲಾಶಯಗಳನ್ನು ಹತ್ತು ವರ್ಷಕ್ಕೊಮ್ಮೆ ಬರಿದುಮಾಡಿ, ನೀರಿನಲ್ಲಿ ಅಡಗಿದ ಗೋಡೆಯ ಮುಖವನ್ನು ಪರೀಕ್ಷಿಸುವ ಕ್ರಮವೂ ಫ್ರಾನ್ಸಿನಲ್ಲಿ ಬಂದಿತು. ತೀಞ್ ಜಲಾಶಯವನ್ನು 2000ದಲ್ಲಿ ಹಾಗೆ ಬರಿದುಮಾಡಿದಾಗ, ಅರ್ಧ ಶತಮಾನದ ಹಿಂದೆ ಮುಳುಗಿದ ಹಳ್ಳಿಯ ಅವಶೇಷಗಳು ಕೆಸರಿನಲ್ಲಿ ಕಾಣಿಸಿಕೊಂಡವು. ಜನರು ಬಂದು ಹಳೆಯ ಊರಿನ ನೆಲವನ್ನು ನೋಡಿದರು. ಅತ್ತ ಕೆಲಸಗಾರರು ಗೋಡೆಯನ್ನು ಪರೀಕ್ಷಿಸಿದರು. ಪರೀಕ್ಷೆ ಮುಗಿದ ಮೇಲೆ ತೂಬುಗಳನ್ನು ಮುಚ್ಚಿದರು. ಪರ್ವತದ ಹಿಮ ಕರಗಿದಂತೆ ನೀರು ಮತ್ತೆ ಏರಿತು.